ಮಳೆ ಹೊಳವಾದ ದಿನವೇ ಟವರ್ ಬಂದ್

ಮಾನ್ಯ ಸಂಪಾದಕರೇ,

ಮೊಬೈಲ್ ಬಂದು ಸಣ್ಣ ಅಂಗಡಿಗಳ ಕೆಲಸ ಸುಲಭವಾಗಿದೆ ಎನ್ನುತ್ತಾರೆ. ನನ್ನದೂ ಅದೇ ಮಾತು. ಹುಲೇಕಲ್ ಕಡೆ ನನ್ನದೊಂದು ಅಂಗಡಿ ಇದೆ. ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ, ಪೈಪು ಮಾರುತ್ತೇನೆ. ಮೊದಲೆಲ್ಲ ಸರಕು ತೀರಿದರೆ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಬೇಕಿತ್ತು. ಆ ದಿನ ಅಂಗಡಿ ಬಾಗಿಲು ಹಾಕಿದ ಹಾಗೇ. ಈಗ ಚೀಟಿ ಬರೆದು ಫೋಟೊ ಕಳಿಸಿದರೆ ಮಾಲು ಶಿರಸಿಗೆ ಬಂದು ಇಳಿಯುತ್ತದೆ. ಗಿರಾಕಿಗಳೂ ರಾತ್ರಿಯೇ ವಾಟ್ಸಾಪಿನಲ್ಲಿ ಪಟ್ಟಿ ಹಾಕುತ್ತಾರೆ, ಬೆಳಿಗ್ಗೆ ಕಟ್ಟಿಟ್ಟಿರುತ್ತೇನೆ. ನಿಜ ಹೇಳಬೇಕೆಂದರೆ, ದುಡ್ಡು ಕೊಟ್ಟು ಹಾಕಿಸಿದ ಬಿಲ್ಲಿಂಗ್ ಸಾಫ್ಟ್‌ವೇರಿಗಿಂತ ಈ ಪುಕ್ಕಟೆ ವಾಟ್ಸಾಪಿನಿಂದಲೇ ಜಾಸ್ತಿ ಉಪಕಾರವಾಗಿದೆ. ಸಾಫ್ಟ್‌ವೇರು ಜಿಎಸ್‌ಟಿ ಲೆಕ್ಕಕ್ಕೆ ಬೇಕು, ಅಷ್ಟೆ.

ತಾಪತ್ರಯ ಮಳೆಗಾಲದ್ದು. ಅಡಿಕೆಗೆ ಮೊದಲ ಸಲದ ಕೊಳೆರೋಗದ ಔಷಧ ಮಳೆಗೆ ಮುಂಚೆಯೇ ಹೊಡೆದಾಗಿರುತ್ತದೆ. ಎರಡನೆಯದು 40-45 ದಿನಕ್ಕೆ. ಅಷ್ಟರಲ್ಲಿ ಜಡಿಮಳೆ. ಔಷಧದ ಅಳತೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇದು ಎಲ್ಲರಿಗೂ ಗೊತ್ತು, ಹೊಳವು, ಅಂದರೆ ಮಳೆ ಬಿಡುವು ಕೊಡುವುದು, ಯಾವಾಗ ಅನ್ನುವುದು ಯಾರಿಗೂ ಗೊತ್ತಿಲ್ಲ. ಹೊಳವಾದ ಬೆಳಿಗ್ಗೆ ಏಳಕ್ಕೇ ಅಂಗಡಿ ಮುಂದೆ ಬೈಕು, ಜೀಪುಗಳ ಸಾಲು. ಅತ್ತ ತೋಟದಲ್ಲಿ ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡ ಕಾಯುತ್ತಿರುತ್ತಾನೆ. ಇತ್ತ ಟವರ್ ಬಂದ್! ರಾತ್ರಿ ಮರ ಬಿದ್ದು ಕರೆಂಟ್ ಹೋಗಿರುತ್ತದೆ, ಬೆಳಗಾಗುವುದರೊಳಗೆ ಟವರಿನ ಬ್ಯಾಟರಿಯೂ ಮುಗಿದಿರುತ್ತದೆ. ನನ್ನ ಇನ್ವರ್ಟರ್ ಇದ್ದು ಏನು ಮಾಡುವುದು? ನೆಟ್ ಇಲ್ಲದಿದ್ದರೂ *99# ಒತ್ತಿ ಹಣ ಕಳಿಸಬಹುದಂತೆ. ಅದಕ್ಕೂ ಸಿಗ್ನಲ್ ಬೇಕಲ್ವಾ?

ಈಗ ಯಾರ ಕಿಸೆಯಲ್ಲೂ ನೋಟು ಇರುವುದಿಲ್ಲ. ಹಾಗಾಗಿ ಹಳೇ ಉದ್ರಿ ಪುಸ್ತಕ ಹೊರಗೆ ಬರುತ್ತದೆ. ಆಮೇಲೆ ಅದನ್ನೆಲ್ಲ ಮತ್ತೆ ಕಂಪ್ಯೂಟರಿಗೆ ಏರಿಸಬೇಕು. ಒಂದೇ ಕೆಲಸ ಎರಡು ಸಲ. ಕಳೆದ ಮಳೆಗಾಲದಲ್ಲಿ ಗಡಿಬಿಡಿಯಲ್ಲಿ ಒಬ್ಬರ ಹೆಸರು ಬರೆಯುವುದೇ ಬಿಟ್ಟುಹೋಯಿತು. ಎರಡು ಚೀಲ ಸುಣ್ಣ ಯಾರು ಒಯ್ದರೋ ಇವತ್ತಿಗೂ ನೆನಪಾಗಿಲ್ಲ. ಮನೆಯವಳು ಈಗಲೂ ಆಡಿಕೊಂಡು ನಗುತ್ತಾಳೆ.

ಲೈನ್‌ಮನ್‌ಗಳ ಮೇಲೆ ನನ್ನ ದೂರಿಲ್ಲ. ಪಾಪ, ಸುರಿಯುವ ಮಳೆಯಲ್ಲೇ ಕಂಬ ಹತ್ತುತ್ತಾರೆ. ದೂರು ಇರುವುದು ಟವರಿನವರ ಮೇಲೆ. ಫೋನ್ ಮಾಡಿದರೆ 'ಡೀಸೆಲ್ ಬಂದಿಲ್ಲ' ಎನ್ನುತ್ತಾರೆ, ಅದೂ ನಾವು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಮಾಡಿದ ಫೋನ್. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲಿನ ಹಳ್ಳಿಗಳ ಟವರುಗಳಲ್ಲಿ ಒಳ್ಳೆಯ ಬ್ಯಾಟರಿ ಮತ್ತು ಡೀಸೆಲ್ ಇದೆಯೇ ಎಂದು ಜಿಲ್ಲಾಡಳಿತ ಮೇ ತಿಂಗಳಲ್ಲೇ ಒಮ್ಮೆ ತಪಾಸಣೆ ಮಾಡಿಸಲಿ.

– ಒಬ್ಬ ಅಂಗಡಿಕಾರ, ಹುಲೇಕಲ್, ಶಿರಸಿ ತಾಲ್ಲೂಕು