ಹಳೆಯ ರಾಕ್ಷಸರನ್ನು ತಿದ್ದಲು ಹೊರಟ ಯುವ ಬರಹಗಾರರಿಗೆ

ಪ್ರಿಯ ಮಿತ್ರರೇ,

ನೀವು ಕಳುಹಿಸಿದ ಸಾಹಸದ, ಅಂದರೆ ಆಟಗಾರರು ಆಡಲಿರುವ ಕಥಾಹಂದರದ, ಕರಡನ್ನು ಎರಡು ಸಲ ಓದಿದೆ. ಮಾತು ಮತ್ತು ದಾಳಗಳಿಂದ ನಡೆಯುವ ಪಾತ್ರಧಾರಣೆಯ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹಳೆಯ ಪ್ರಾಣಿಗಳನ್ನೂ ಬಲೆಗಳನ್ನೂ ಹೊಸದಾಗಿ ರೂಪಿಸಬೇಕೆಂಬ ನಿಮ್ಮ ಉತ್ಸಾಹ ನನಗೆ ಹಿಡಿಸಿತು. ಆದರೆ ನೀವು ಬದಲಿಸಿರುವುದು ಹೆಚ್ಚಾಗಿ ಅವುಗಳ ಮೈಬಣ್ಣ, ಉಗುರುಗಳ ಉದ್ದ ಮತ್ತು ಏಟಿನ ಲೆಕ್ಕ. ಒಂದು ಪ್ರಾಣಿ ಎದುರಾದಾಗ ಆಟಗಾರ ಯಾವ ನಿರ್ಧಾರ ತೆಗೆದುಕೊಳ್ಳಬೇಕಾಗುತ್ತದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. ಅದನ್ನು ಉಳಿಸಿಕೊಂಡು ಉಳಿದದ್ದೇನನ್ನು ಬದಲಿಸಿದರೂ ನನ್ನ ತಕರಾರಿಲ್ಲ.

ರಸ್ಟ್ ಮಾನ್‌ಸ್ಟರ್ ಅನ್ನೇ ನೋಡಿ. ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಗೊಂಬೆಯೊಂದನ್ನು ನೋಡಿ ಆಟದ ಸೃಷ್ಟಿಕರ್ತರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಕಲ್ಪಿಸಿಕೊಂಡ ಈ ಪ್ರಾಣಿ 1975ರ ಗ್ರೇಹಾಕ್ ಎಂಬ ನಿಯಮ ಪುರವಣಿಯಲ್ಲಿ ಅಚ್ಚಾಯಿತು. ಅದರ ಮೀಸೆ ಸೋಕಿದರೆ ಸಾಕು, ಕಬ್ಬಿಣ ತುಕ್ಕು ಹಿಡಿದು ಉದುರಿಹೋಗುತ್ತದೆ. ಪ್ರಾಣಕ್ಕೆ ಅದರಿಂದ ಅಷ್ಟೇನೂ ಅಪಾಯವಿಲ್ಲ; ಆದರೂ ಸದಾ ಮುಂದೆ ನಿಲ್ಲುವ, ಮೈತುಂಬ ಕವಚ ತೊಟ್ಟ ಯೋಧ ಅದನ್ನು ಕಂಡೊಡನೆ ಹಿಂದೆ ಸರಿಯುತ್ತಾನೆ, ಮರದ ಕೋಲು ಹಿಡಿದ ಮಾಂತ್ರಿಕ ಮೊದಲ ಬಾರಿಗೆ ಮುಂದಿನ ಸಾಲಿಗೆ ಬರುತ್ತಾನೆ. ತಂಡದ ಕ್ರಮವನ್ನೇ ಹೀಗೆ ತಲೆಕೆಳಗು ಮಾಡುವುದು ಈ ಪ್ರಾಣಿಯ ಜೀವಾಳ. ನಾಲ್ಕನೇ ಆವೃತ್ತಿಯವರು ನಷ್ಟ ತೀರಾ ಕಠೋರವೆಂದು ಭಾವಿಸಿ, ನಾಶವಾದ ಮಾಂತ್ರಿಕ ವಸ್ತುವಿನ ಬೆಲೆಯನ್ನು ಸತ್ತ ಪ್ರಾಣಿಯ ಹೊಟ್ಟೆಯಿಂದಲೇ ಮರಳಿ ಪಡೆಯುವ ಏರ್ಪಾಡು ಮಾಡಿದರು. ಹೋದದ್ದು ಹಿಂತಿರುಗುತ್ತದೆಂದು ಗೊತ್ತಾದ ಮೇಲೆ ಯಾರು ತಾನೇ ಹಿಂದೆ ಸರಿದಾರು? 2014ರ ಐದನೇ ಆವೃತ್ತಿಯ ತಿದ್ದುಪಡಿ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಜಾಣತನದ್ದು: ಅಲ್ಲಿ ಪ್ರಾಣಿಗೆ ತಗುಲಿದ ಸಾಧಾರಣ ಲೋಹದ ಆಯುಧ ಪ್ರತಿ ಏಟಿಗೂ ಒಂದೊಂದು ಅಂಕದಷ್ಟು ಮೊಂಡಾಗುತ್ತ, ಐದನೆಯದಕ್ಕೆ ಪೂರ್ತಿ ಹಾಳಾಗುತ್ತದೆ. ನಷ್ಟ ಕಾಯಂ ಆದರೂ, ಮೊದಲ ಏಟಿನ ನಂತರ ಕತ್ತಿಯನ್ನು ಒರೆಗೆ ಸೇರಿಸಬೇಕೋ ಇನ್ನೊಂದು ಸಲ ಬೀಸಬೇಕೋ ಎಂದು ಯೋಚಿಸಲು ಆಟಗಾರನಿಗೆ ಎಡೆ ಸಿಗುತ್ತದೆ. ಅದೇ ಆವೃತ್ತಿಯ ಬ್ಯಾಸಿಲಿಸ್ಕ್ ಕೂಡ, ನೋಡಿದವರನ್ನು ಸಾಮಾನ್ಯವಾಗಿ ಒಮ್ಮೆಗೇ ಕಲ್ಲಾಗಿಸದೆ ಮೊದಲು ಅವರ ಮೈಯನ್ನು ಬಿಗಿಯಿಸುತ್ತದೆ. ದಾಳ ಎರಡನೇ ಸಲವೂ ಕೈಕೊಟ್ಟರಷ್ಟೇ ಕಲ್ಲು. ನಡುವಿನ ಆ ಒಂದು ಸುತ್ತಿನಲ್ಲಿ ಜೊತೆಗಾರರು ಏನು ಮಾಡುತ್ತಾರೆ ಎಂಬುದೇ ಕಥೆಯಾಗುತ್ತದೆ.

ಟ್ರೋಲ್‌ನ ವಿಷಯ ಬೇರೆ. ಅದರ ಗಾಯ ತಾನಾಗಿ ಮಾಯುತ್ತದೆ, ಬೆಂಕಿ ಅಥವಾ ಆಮ್ಲ ತಗುಲಿದರೆ ಮಾಯುವುದಿಲ್ಲ ಎಂಬ ಗುಟ್ಟು ಈಗ ಹೊಸಬರಿಗೂ ಗೊತ್ತು. ಆದ್ದರಿಂದ ನೀವು ಬೆಂಕಿಯನ್ನು ತೆಗೆದು ಹಿಮವನ್ನು ಇಟ್ಟಿದ್ದೀರಿ. ಸುಳಿವೇ ಇಲ್ಲದ ಈ ಬದಲಾವಣೆಯಿಂದ ಆಟಗಾರ ಕತ್ತಲಲ್ಲಿ ತಡಕಾಡುತ್ತಾನೆಯೇ ಹೊರತು ಯೋಚಿಸುವುದಿಲ್ಲ. ಬೆಂಕಿಯ ಗುಟ್ಟು ಹಾಗೆಯೇ ಇರಲಿ. ಟ್ರೋಲ್ ಅನ್ನು ಊರಿನ ಕಣಜದೊಳಗೆ, ಚಳಿಗಾಲಕ್ಕೆ ಕೂಡಿಟ್ಟ ಒಣಹುಲ್ಲಿನ ನಡುವೆ ಬಚ್ಚಿಡಿ. ಪಂಜು ಹಚ್ಚಲು ಆಗ ಯಾರ ಕೈಯಾದರೂ ತಡವರಿಸುತ್ತದೆ.

ಹಳೆಯದೆಲ್ಲವೂ ತಿದ್ದಲು ಯೋಗ್ಯವೆಂದೂ ನಾನು ಹೇಳಲಾರೆ. ಬಾಗಿಲಿಗೆ ಕಿವಿಯಿಟ್ಟು ಆಲಿಸುವವರ ಕಿವಿಯೊಳಗೆ ನುಗ್ಗಿ ಕೊಲ್ಲುವ ಇಯರ್ ಸೀಕರ್ ಎಂಬ ಹುಳುವನ್ನು ನಿಮ್ಮ ಕರಡಿನಿಂದ ತೆಗೆದುಬಿಡಿ. ಅದು ಎಚ್ಚರದಿಂದ ಆಡುವವರನ್ನೇ ದಂಡಿಸುತ್ತದೆ. ಅದರ ಕಾಟ ತಿಂದ ತಂಡ ಮುಂದೆ ಪ್ರತಿ ಬಾಗಿಲಿನ ಮುಂದೆಯೂ ಅರ್ಧ ಗಂಟೆ ಚರ್ಚೆಗೆ ಕೂರುತ್ತದೆ.

ಇನ್ನು ಬಲೆಗಳು, ಅಂದರೆ ದಾರಿಯಲ್ಲೂ ಪೆಟ್ಟಿಗೆಗಳಲ್ಲೂ ಅಡಗಿಸಿಟ್ಟ ಅಪಾಯಗಳು. 1974ರ ಮೂಲ ಆಟದಲ್ಲಿ ಕಳ್ಳನ ಪಾತ್ರವರ್ಗವೇ ಇರಲಿಲ್ಲ. ಅದೂ ಗ್ರೇಹಾಕ್ ಪುರವಣಿಯಲ್ಲೇ ಬಂದಿತು, ಜೊತೆಗೆ ಬಲೆ ಬಿಚ್ಚುವ ಶೇಕಡಾವಾರು ಲೆಕ್ಕವನ್ನೂ ತಂದಿತು. ನೆಲವನ್ನು ಹತ್ತಡಿಯ ಕೋಲಿನಿಂದ ಕುಟ್ಟುತ್ತೇನೆ, ಪೆಟ್ಟಿಗೆಯನ್ನು ಹಿಂದಿನಿಂದ ತೆರೆಯುತ್ತೇನೆ ಎಂದು ಬಾಯಿಮಾತಿನಲ್ಲಿ ವಿವರಿಸಬೇಕಾಗಿದ್ದ ಕೆಲಸ ಕ್ರಮೇಣ ದಾಳದ ಒಂದು ಎಸೆತಕ್ಕೆ ಇಳಿಯಿತು. ನಿಮ್ಮ ಕರಡಿನ ವಿಷಸೂಜಿಯ ಪೆಟ್ಟಿಗೆ ಇಂಥದ್ದೇ: ಎಸೆತ ಗೆದ್ದರೆ ಏನೂ ಆಗುವುದಿಲ್ಲ, ಸೋತರೆ ಒಂದಿಷ್ಟು ಜೀವಾಂಕ ಹೋಗುತ್ತದೆ, ಎರಡರಲ್ಲೂ ಹೇಳಲು ಕಥೆಯಿಲ್ಲ.

1975ರ ಒರಿಜಿನ್ಸ್ ಎಂಬ ಆಟಗಳ ಮೇಳದಲ್ಲಿ ಆಡಿಸಿ, 1978ರಲ್ಲಿ ಪ್ರಕಟಿಸಿದ ಟೂಂಬ್ ಆಫ್ ಹಾರರ್ಸ್ ಸಾಹಸದಲ್ಲಿ ಬಾಯಿ ತೆರೆದ ಹಸಿರು ಪಿಶಾಚಿಯ ಮುಖವೊಂದಿದೆ. ಆ ಬಾಯೊಳಗೆ ಹೋದದ್ದೆಲ್ಲ ಇಲ್ಲವಾಗುತ್ತದೆ. ಅದನ್ನು ಕ್ರೂರವೆಂದು ಬೈಯುವವರು ಬಹಳ. ನಾನು ಅವರ ಪಕ್ಷದವನಲ್ಲ. ಮುಖ ಎಲ್ಲರ ಕಣ್ಣಿಗೂ ಕಾಣುತ್ತದೆ, ಹಸಿರಿನಿಂದ ದೂರವಿರಬೇಕೆಂಬ ಸೂಚನೆ ಅಲ್ಲಿಗೆ ಹೋಗುವ ದಾರಿಯ ನೆಲದಲ್ಲೇ ಅಡಗಿದೆ, ಕೋಲು ತೂರಿಸಿ ನೋಡಿದರೆ ಕೋಲಿನ ತುದಿ ಮಾಯವಾಗಿರುವುದು ತಿಳಿಯುತ್ತದೆ. ದುಡುಕಿದವರಿಗೆ ಮಾತ್ರ ಅದು ಯಾವ ಕರುಣೆಯನ್ನೂ ತೋರುವುದಿಲ್ಲ. ಇದೊಂದನ್ನು ಸಡಿಲಿಸಬೇಕೆಂದರೆ ನನ್ನ ಒಪ್ಪಿಗೆಯಿದೆ, ಉದಾಹರಣೆಗೆ ಮೊದಲು ತೂರಿದ ಕೈಯಷ್ಟೇ ಹೋಗಲಿ.

ನಿಮ್ಮದೇ ಕರಡಿನ ಯಕ್ಷನ ಕೊಳ ಇದಕ್ಕಿಂತ ಮೇಲು. ಅರಣ್ಯಪರ್ವದಲ್ಲಿ ನೀರು ಮುಟ್ಟುವ ಮೊದಲೇ ಅದೃಶ್ಯವಾಣಿ ಎಚ್ಚರಿಸುತ್ತದೆ, ಬಾಯಾರಿಕೆ ಆ ಎಚ್ಚರಿಕೆಯನ್ನು ಮೀರುವಂತೆ ಮಾಡುತ್ತದೆ, ಬಿದ್ದವರನ್ನು ಎಬ್ಬಿಸಲು ಉಳಿದವನಿಗೆ ದಾರಿಯೂ ಇರುತ್ತದೆ. ನೀವು ಮಾತ್ರ ಆ ವಾಣಿಯನ್ನು ತೆಗೆದುಹಾಕಿ, ನೀರಿನ ವಿಷವನ್ನು ಪತ್ತೆಹಚ್ಚಲು ದಾಳ ಎಸೆಯಿರಿ ಎಂದು ಬರೆದಿದ್ದೀರಿ. ವಾಣಿಯನ್ನು ಮರಳಿ ತನ್ನಿ. ಕೊಳಕ್ಕೆ ಬರುವ ಮುನ್ನ ತಂಡದ ನೀರೆಲ್ಲ ಮುಗಿದಿರುವಂತೆ ಹಿಂದಿನ ಎರಡು ಕೋಣೆಗಳನ್ನು ತಿದ್ದಿ. ಮುಂದಿನ ಕರಡಿನಲ್ಲಿ ಅಂಕಿಗಳನ್ನು ಸದ್ಯಕ್ಕೆ ಬಿಟ್ಟು, ಆಟಗಾರರಿಗೆ ಕಾಣುವ ಮತ್ತು ಕೇಳಿಸುವ ಸಂಗತಿಗಳನ್ನಷ್ಟೇ ಬರೆದು ಕಳುಹಿಸಿ. ಅಂಕಿಗಳ ಮಾತನ್ನು ಆಮೇಲೆ ಆಡೋಣ.

ಇತಿ ನಿಮ್ಮ ಹಿತೈಷಿ