ಬಸುರಿಗೆ ಗುಳಿಗೆ ಕೊಡುವ ಮುನ್ನ ತಿಂಗಳು ಎಷ್ಟೆಂದು ಕೇಳಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ಜಮಖಂಡಿಯ ಔಷಧಿ ಅಂಗಡಿಯೊಂದರಲ್ಲಿ ನಾನು ನಿಂತಿದ್ದಾಗ, ಕಬ್ಬಿನ ಹೊಲದಿಂದ ನೇರವಾಗಿ ಬಂದಂತಿದ್ದ ಬಸುರಿ ಹೆಣ್ಣುಮಗಳೊಬ್ಬಳು, ‘ಅಣ್ಣಾ, ಸೊಂಟ ಭಾಳ ಹಿಡದೈತ್ರಿ, ಗುಳಿಗಿ ಕೊಡ್ರಿ’ ಎಂದು ಕೇಳಿದಳು. ಹುಡುಗ ತಲೆಯೆತ್ತದೆ, ಡೈಕ್ಲೋಫೆನ್ಯಾಕ್ ಪಟ್ಟಿಯಿಂದ ನಾಲ್ಕು ಮಾತ್ರೆಗಳನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಟ್ಟ. ಹೆಸರು ಅಚ್ಚಾಗಿದ್ದ ತುದಿ ಅಂಗಡಿಯಲ್ಲೇ ಉಳಿಯಿತು. ನಾನು ವಿಚಾರಿಸಿದಾಗ ಆಕೆಗೆ ಏಳನೆಯ ತಿಂಗಳು ನಡೆಯುತ್ತಿತ್ತು. ಪೊಟ್ಟಣವನ್ನು ಮರಳಿ ಕೊಡಿಸಿ ಆಕೆಯನ್ನು ಸರ್ಕಾರಿ ದವಾಖಾನೆಗೆ ಕಳಿಸಿದೆ.

ಮಾಸು ಕೂಸನ್ನು ಕಾಯುವ ಗೋಡೆ, ತಾಯಿ ನುಂಗಿದ್ದು ಅದನ್ನು ದಾಟದು ಎಂಬ ನಂಬಿಕೆಯನ್ನು ಉಪಕೇಂದ್ರಗಳಲ್ಲಿ ದುಡಿದ ವರ್ಷಗಳುದ್ದಕ್ಕೂ ಕೇಳಿದ್ದೇನೆ. ತಾಯಿಯ ರಕ್ತ, ಕೂಸಿನ ರಕ್ತ ಒಂದಕ್ಕೊಂದು ಬೆರೆಯುವುದಿಲ್ಲ ಎಂಬುದು ನಿಜ. ಆದರೆ ನಡುವಿನ ಪೊರೆ ಬಹಳ ತೆಳು, ತಿಂಗಳು ತುಂಬಿದಂತೆ ಅದು ಇನ್ನೂ ತೆಳುವಾಗುತ್ತದೆ. ಕೊಬ್ಬಿನಲ್ಲಿ ಕರಗುವ, 500 ಡಾಲ್ಟನ್‌ಗಿಂತ ಕಡಿಮೆ ತೂಕದ ಅಣುಗಳು ಅದನ್ನು ಸುಲಭವಾಗಿ ದಾಟುತ್ತವೆ, ಮತ್ತು ನಾವು ನುಂಗುವ ಮಾತ್ರೆಗಳಲ್ಲಿ ಹೆಚ್ಚಿನವು ಇಷ್ಟೇ ಚಿಕ್ಕವು. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ಗಳ ಅಣುಗಳು ದೊಡ್ಡವಾದ್ದರಿಂದಲೇ ಅವನ್ನು ಗರ್ಭಿಣಿಯರಿಗೆ ಕೊಡಲು ವೈದ್ಯರು ಹಿಂಜರಿಯುವುದಿಲ್ಲ. ಗಾತ್ರವೊಂದೇ ಲೆಕ್ಕವಲ್ಲ. ಪ್ರೆಡ್ನಿಸೊಲೋನ್ ಮತ್ತು ಬೀಟಾಮೆಥಸೋನ್ ಎರಡೂ ಸ್ಟೆರಾಯ್ಡ್‌ಗಳೇ. ಮೊದಲನೆಯದರ ಬಹುಪಾಲನ್ನು ಮಾಸಿನ ಕಿಣ್ವವೇ ನಿಷ್ಕ್ರಿಯಗೊಳಿಸುತ್ತದೆ, ಎರಡನೆಯದು ಕೂಸನ್ನು ಮುಟ್ಟುತ್ತದೆ, ಅದಕ್ಕಾಗಿಯೇ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆಯಿದ್ದರೆ ಕೂಸಿನ ಪುಪ್ಪುಸ ಬಲಿಯಲೆಂದು ತಾಯಿಗೆ ಅದನ್ನು ಚುಚ್ಚುತ್ತಾರೆ. ಒಂದೇ ಜಾತಿಯ ಎರಡು ಔಷಧಿಗಳ ದಾರಿ ಹೀಗೆ ಬೇರೆಯಾಗಿರುವಾಗ ಅಂಗಡಿಯ ಕಟ್ಟೆಯಲ್ಲಿ ಅಂದಾಜಿನ ಮೇಲೆ ಗುಳಿಗೆ ಕೊಡುವುದನ್ನು ಹೇಗೆ ಒಪ್ಪಲಿ?

ಡೈಕ್ಲೋಫೆನ್ಯಾಕ್ ವಿಷಯವನ್ನೇ ತೆಗೆದುಕೊಳ್ಳಿ. 20 ವಾರ ದಾಟಿದ ಮೇಲೆ ಈ ಬಗೆಯ ನೋವಿನ ಮಾತ್ರೆಗಳು ಕೂಸಿನ ಮೂತ್ರಪಿಂಡದ ಕೆಲಸವನ್ನು ತಗ್ಗಿಸಬಲ್ಲವು. ಗರ್ಭದ ನೀರಿನಲ್ಲಿ ಆ ಹೊತ್ತಿಗೆ ಹೆಚ್ಚಿನ ಪಾಲು ಕೂಸಿನ ಮೂತ್ರವೇ ಆದ್ದರಿಂದ ನೀರು ಕಡಿಮೆಯಾಗುತ್ತದೆ. ಕೊನೆಯ ಮೂರು ತಿಂಗಳಲ್ಲಿ, ಹುಟ್ಟಿದ ಮೇಲೆ ಮುಚ್ಚಬೇಕಾದ ಹೃದಯದ ಬಳಿಯ ರಕ್ತನಾಳವೊಂದು ಹೊಟ್ಟೆಯಲ್ಲಿರುವಾಗಲೇ ಕಿರಿದಾಗುವ ಅಪಾಯವೂ ಇದೆ. ಇದು ಶೆಡ್ಯೂಲ್ ಎಚ್‌ನಲ್ಲಿರುವ, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿ.

ಹೆದರಿಕೆಯಿಂದ ಎಲ್ಲ ಮಾತ್ರೆ ಬಿಡುವುದೂ ಅಷ್ಟೇ ಅಪಾಯ. ಮೂರ್ಛೆರೋಗದ ಗುಳಿಗೆಯನ್ನು ತಾನಾಗಿ ನಿಲ್ಲಿಸಿದ ಬಸುರಿಗೆ ಫಿಟ್ಸ್ ಬಂದರೆ ಎರಡು ಜೀವಕ್ಕೂ ಕುತ್ತು. ಕೂಸಿನ ಬೆನ್ನುಹುರಿಗೆ ಕುಂದು ತರಬಲ್ಲ ವಾಲ್‌ಪ್ರೋಯೇಟ್‌ನಂಥ ಮೂರ್ಛೆರೋಗದ ಗುಳಿಗೆಯನ್ನು ಬದಲಿಸಬೇಕೋ ಎಂಬುದನ್ನು ವೈದ್ಯರು ಗರ್ಭ ನಿಲ್ಲುವ ಮೊದಲೇ ತೀರ್ಮಾನಿಸಬೇಕು, ಏಕೆಂದರೆ ಮುಂದೆ ಕೂಸಿನ ಮಿದುಳು, ಬೆನ್ನುಹುರಿಯಾಗುವ ಕೊಳವೆ ಗರ್ಭ ನಿಂತ ಮೊದಲ 4 ವಾರಗಳಲ್ಲೇ ಕೂಡಿಬಿಡುತ್ತದೆ.

ಬಾಗಲಕೋಟೆ ಜಿಲ್ಲೆಯ ಔಷಧಿ ನಿಯಂತ್ರಣ ಅಧಿಕಾರಿಗಳು ಅಂಗಡಿಗಳಲ್ಲಿ ‘ತಾಯಿ ಕಾರ್ಡ್ ತೋರಿಸಿ’ ಎಂಬ ಫಲಕ ಹಾಕಿಸಲಿ, ಹೆಸರಿಲ್ಲದ ತುಂಡು ಪಟ್ಟಿ ಮಾರುವುದನ್ನು ತಡೆಯಲಿ. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಕಬ್ಬಿಣದ ಮಾತ್ರೆಗಳನ್ನು ಎಣಿಸುವ ಜೊತೆಗೆ, ದೇವರ ಮಾಡದಲ್ಲಿ ಕಾಗದ ಸುತ್ತಿಟ್ಟ ಗುಳಿಗೆಗಳನ್ನೂ ಬಿಚ್ಚಿ ನೋಡಲಿ.

– ನಿವೃತ್ತ ಆರೋಗ್ಯ ಸಹಾಯಕಿ, ಜಮಖಂಡಿ