ಮಾದರಿ ಕಾರು ಮಕ್ಕಳಾಟವಲ್ಲ

ಮಾನ್ಯ ಸಂಪಾದಕರೇ,

ಬಿಡಿಭಾಗಗಳನ್ನು ಜೋಡಿಸಿ ಪುಟ್ಟ ಕಾರು ಕಟ್ಟುವ ಹವ್ಯಾಸವನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ಜಪಾನಿನ ತಮಿಯಾ ಕಂಪನಿಯ 1:24 ಪ್ರಮಾಣದ ಕಿಟ್ ಒಂದನ್ನಾದರೂ ಬಿಚ್ಚಿ ನೋಡಬೇಕು. ನಾಲ್ಕೂವರೆ ಮೀಟರ್ ಉದ್ದದ ಕಾರು ಅಲ್ಲಿ ಸುಮಾರು 19 ಸೆಂ.ಮೀ.ಗೆ ಇಳಿದಿರುತ್ತದೆ. ಅದಕ್ಕೆ ಬಳಸುವ ದ್ರವರೂಪದ ಅಂಟು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನ ಭಾಗಗಳ ಮೇಲ್ಮೈಯನ್ನೇ ಕರಗಿಸಿ ಒಂದಕ್ಕೊಂದು ಬೆಸೆಯುವುದರಿಂದ, ತಪ್ಪಾಗಿ ಕೂರಿಸಿದ್ದನ್ನು ಮತ್ತೆ ಬಿಡಿಸುವುದು ಕಷ್ಟ (ಅದರ ಆವಿ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ). ಅಮೆರಿಕದ ಎಎಂಟಿ ಕಂಪನಿ 1958ರಲ್ಲಿ ಹೊರತಂದ ‘ತ್ರೀ ಇನ್ ಒನ್’ ಕಿಟ್‌ಗಳಲ್ಲಿ ಒಂದೇ ಕಾರನ್ನು ಮೂಲರೂಪದಲ್ಲೋ, ಇಷ್ಟದಂತೆ ಮಾರ್ಪಡಿಸಿದ ‘ಕಸ್ಟಮ್’ ರೂಪದಲ್ಲೋ, ರೇಸ್ ಕಾರಾಗಿಯೋ ಕಟ್ಟಲು ಬೇಕಾದ ಭಾಗಗಳಿದ್ದವು. ನನ್ನ ಅಭಿಪ್ರಾಯದಲ್ಲಿ ಹವ್ಯಾಸದ ನಿಜವಾದ ರುಚಿ ಇರುವುದೇ ಈ ಆಯ್ಕೆಯಲ್ಲಿ. ನಮ್ಮ ಪಾಲಿಟೆಕ್ನಿಕ್‌ಗಳ ಆಟೊಮೊಬೈಲ್ ವಿಭಾಗಗಳು ಇಂತಹ ಕಿಟ್‌ಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡುವ ಬಗ್ಗೆ ಯೋಚಿಸಬೇಕೆಂದು ವಿನಂತಿ.

– ಓದುಗ, ಮೈಸೂರು